ಲೇಬಲ್ ಕತ್ತರಿಸುವ ಓಟಗಾರ್ತಿ

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳ ಓಟ ಅಲ್ಲ, ಅಂಗಿ. ಅದನ್ನು ಅವಳು ಒಳಮೈ ಹೊರಗೆ ಮಾಡಿ ಹಾಕಿಕೊಂಡಿದ್ದಳು. ಹೊಲಿಗೆಯ ಅಂಚೆಲ್ಲ ಹೊರಗೆ, ನಯವಾದ ಬದಿ ಮೈಗೆ. ಪೆರ್ಲದ ಪೇಟೆಯಲ್ಲಿ, ಬಸ್ಸು ನಿಲ್ಲುವ ಜಾಗದ ಎದುರಿನ ಮಾಳಿಗೆಯಲ್ಲಿ, ಹದಿನೆಂಟು ವರ್ಷದಿಂದ ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು ನಾನು. ಮನುಷ್ಯರ ಮುಖಕ್ಕಿಂತ ಮೊದಲು ಅವರ ಕಾಲರು, ತೋಳು, ಅಂಚು ನೋಡಿ ಅಭ್ಯಾಸ. ಟಿವಿಯಲ್ಲಿ ಬರುವವರನ್ನೂ ಹಾಗೆಯೇ ನೋಡುತ್ತೇನೆ.

ಆಗಸ್ಟಿನ ಒಂದು ಭಾನುವಾರ ಮಧ್ಯಾಹ್ನ. ಗಂಡ ಕ್ರೀಡೆಯ ಚಾನೆಲ್ ಹಾಕಿ, ಎರಡೇ ನಿಮಿಷದಲ್ಲಿ ಕುರ್ಚಿಯಲ್ಲೇ ಗೊರಕೆ ಶುರು ಮಾಡಿದ್ದರು. ವಾರಕ್ಕೆ ಆರು ದಿನ ಪುತ್ತೂರಿಗೆ ಬಸ್ಸು ಓಡಿಸುವ ಮನುಷ್ಯ, ಮಲಗಲಿ ಎಂದು ನಾನು ಮೆಲ್ಲ ರಿಮೋಟ್ ತೆಗೆದುಕೊಂಡೆ. ಸೀರಿಯಲ್ಲಿಗೆ ಬದಲಿಸಬೇಕು ಎನ್ನುವಷ್ಟರಲ್ಲಿ ಆ ಅಂಗಿ ಕಂಡಿತು. ಯಾವುದೋ ದೇಶದ, ದೂರದ ಓಟ ಓಡುವ ಓಟಗಾರ್ತಿಯೊಬ್ಬಳ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ. ಮಾತೆಲ್ಲ ಯಾವುದೋ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ನನ್ನ ಇಂಗ್ಲಿಷು ಹತ್ತನೆಯ ಕ್ಲಾಸಿನದ್ದು. ಅರ್ಧ ಓದುವುದರೊಳಗೆ ಅಕ್ಷರ ಮಾಯವಾಗುತ್ತಿತ್ತು. ಆದರೂ ನೋಡಿದೆ.

ಅವಳಿಗೆ ಹೊಸ ಅಂಗಿ ಕೊಟ್ಟರು. ಕುತ್ತಿಗೆಯ ಹತ್ತಿರ ಇರುವ ಲೇಬಲನ್ನು ಅವಳು ಸಣ್ಣ ಕತ್ತರಿಯಿಂದ ಕತ್ತರಿಸಿದಳು. ಕತ್ತರಿಸಿ ಸುಮ್ಮನಾಗಲಿಲ್ಲ, ಹೆಬ್ಬೆರಳಿನಿಂದ ತಡವಿ ತಡವಿ ಉಳಿದ ನೂಲನ್ನು ಒಂದೊಂದಾಗಿ ಎಳೆದು ತೆಗೆದಳು. ಪ್ರಶ್ನೆ ಕೇಳುವವನು ನಗುತ್ತ, ಇದು ಅದೃಷ್ಟಕ್ಕಾ ಎಂದು ಕೇಳಿದ. ಅವಳು ಸ್ವಲ್ಪ ಯೋಚಿಸಿ, ಅಲ್ಲ, ಇದು ಲೇಬಲ್ ಎಂದಳು. ಅಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ನಾನೂ ನಗಲಿಲ್ಲ. ನನ್ನ ಮನೆಯಲ್ಲಿ ಹದಿಮೂರು ವರ್ಷದ ಮಗಳ ಒಂದೇ ಒಂದು ಬಟ್ಟೆಗೆ ಲೇಬಲ್ ಇಲ್ಲ. ಅವಳ ಲಂಗ, ಅಂಗಿ, ಒಳಉಡುಪು ಎಲ್ಲದರ ಹೊಲಿಗೆಯನ್ನೂ ನಾನೇ ಹೊರಕ್ಕೆ ತಿರುಗಿಸಿ ಹೊಲಿಯುತ್ತೇನೆ.

ಆಮೇಲೆ ಒಂದರ ಹಿಂದೆ ಒಂದು. ಯಾವ ದೇಶಕ್ಕೆ ಹೋದರೂ ಓಟಗಾರ್ತಿ ತನ್ನದೇ ಡಬ್ಬಿಯಿಂದ ಅದೇ ಊಟ ಮಾಡುತ್ತಾಳೆ. ಓಟದ ಗೆರೆಯಲ್ಲಿ ನಿಂತಾಗ ಬಲಗೈಯ ಬೆರಳುಗಳು ತೊಡೆಯ ಹತ್ತಿರ ಸಣ್ಣಗೆ ಪಟಪಟ ಆಡುತ್ತವೆ. ಗೆದ್ದಾಗ ಇಡೀ ಮೈದಾನ ಕೂಗಿತು. ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಗೆದ್ದದ್ದನ್ನು ಅವಳಿಗೆ ನಂಬಲಿಕ್ಕೇ ಆಗುತ್ತಿಲ್ಲ ಎಂದು ವೀಕ್ಷಕ ವಿವರಣೆಯವನು ಕೂಗಿದ. ಎಂಥ ಕುರುಡ! ಹೇಗೆ ಅನಿಸುತ್ತಿದೆ ಎಂದು ಮೈಕು ಹಿಡಿದರೆ ಅವಳು ನೆಲ ನೋಡಿಕೊಂಡು, ಕೊನೆಯ ಸುತ್ತಿನಲ್ಲಿ ಗಾಳಿ ಎಡದಿಂದ ಬರುತ್ತಿತ್ತು ಎಂದಳು. ಅವಳ ಕೋಚು, ನೆತ್ತಿ ನರೆತ ಮನುಷ್ಯ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ: ಶಿಸ್ತು, ಇಂಥ ಶಿಸ್ತನ್ನು ನಾನು ಎಲ್ಲಿಯೂ ನೋಡಿಲ್ಲ.

"ಶಿಸ್ತು ಅಲ್ಲ ಮಾರಾಯ, ಅದು ಶಿಸ್ತು ಅಲ್ಲ!" ಎಂದು ನಾನು ಟಿವಿಗೆ ಬೊಬ್ಬೆ ಹಾಕಿದೆ.

ಗಂಡ ಬೆಚ್ಚಿ ಎದ್ದರು. "ಎಂತ ಆಯ್ತು?"

"ನೋಡಿ, ಇವಳನ್ನು ನೋಡಿ. ನಮ್ಮವಳ ಹಾಗೆಯೇ ಅಲ್ವಾ?"

ಅವರು ಕಣ್ಣುಜ್ಜಿಕೊಂಡು ನೋಡಿದರು. ತುಂಬಾ ಹೊತ್ತು ನೋಡಿದರು. "ಹೌದು," ಎಂದರು. ಅಷ್ಟೆ.

ಮಗಳಿಗೆ ಐದು ವರ್ಷ ಇರುವಾಗ ಮಂಗಳೂರಿನ ಡಾಕ್ಟರೊಬ್ಬರು ಎದುರು ಕೂರಿಸಿಕೊಂಡು ಆಟಿಸಂ ಎಂಬ ಶಬ್ದ ಹೇಳಿದ್ದರು. ಅದರ ಲಕ್ಷಣಗಳನ್ನು ಒಂದೊಂದಾಗಿ ವಿವರಿಸಿದ್ದರು. ಗಟ್ಟಿ ಶಬ್ದ ಆಗುವುದಿಲ್ಲ, ಕೆಲವು ಬಟ್ಟೆ ಮೈಗೆ ಆಗುವುದಿಲ್ಲ, ಬದಲಾವಣೆ ಆಗುವುದಿಲ್ಲ, ಹೇಳಿದ ಮಾತಿಗೆ ಹೇಳಿದಷ್ಟೇ ಅರ್ಥ. ಬಸ್ಸಿನಲ್ಲಿ ವಾಪಸು ಬರುವಾಗ ಮಗಳು ಕಿಟಕಿಯ ಸರಳು ಎಣಿಸುತ್ತಿದ್ದಳು, ನಾನು ಆ ಲಕ್ಷಣಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಎಂಟು ವರ್ಷ ಅದು ನನಗೆ ಬರೀ "ಆಗುವುದಿಲ್ಲ"ಗಳ ಪಟ್ಟಿಯಾಗಿತ್ತು. ಆ ಭಾನುವಾರ ಅದೇ ಪಟ್ಟಿ ಟಿವಿಯೊಳಗೆ ಎದ್ದು ನಿಂತು, ಕೊರಳಿಗೆ ಪದಕ ಹಾಕಿಸಿಕೊಂಡಿತು. ಚಿತ್ರ ಮುಗಿಯುವವರೆಗೂ ಆ ಶಬ್ದವನ್ನು ಒಬ್ಬರೂ ಹೇಳಲಿಲ್ಲ. ಹೇಳಿಬಿಡಿ, ಒಮ್ಮೆ ಹೇಳಿಬಿಡಿ ಎಂದು ನಾನು ಸೆರಗಿನ ತುದಿ ಹಿಡಿದುಕೊಂಡೇ ಕೂತಿದ್ದೆ.

ಶಾಲೆಗೆ ಗುರುವಾರ ಗುರುವಾರ ಬಂದು ಇಂಥ ಮಕ್ಕಳನ್ನು ನೋಡುವ ಟೀಚರಿಗೆ ಇದನ್ನು ಹೇಳಿದೆ. ಅವರು ಕಣ್ಣೂರು ಕಡೆಯವರು. ಅವರ ಕನ್ನಡ, ನನ್ನ ಮಲಯಾಳ ಎರಡೂ ಕುಂಟು ಕತ್ತೆಗಳು. ಹೇಗೋ ನಡೆಸಿಕೊಂಡು ಹೋಗುತ್ತಿದ್ದೆವು. "ಟಿವಿ ನೋಡಿ ಹಾಗೆ ಹೇಳ್ಬಾರ್ದು ಚೇಚಿ," ಎಂದರು. "ಅವರಿಗೆ ಉಂಟೋ ಇಲ್ಲವೋ ನಮಗೆ ಗೊತ್ತಿಲ್ಲ. ಉಂಟು ಅಂತಾದ್ರೂ ಅವರು ಅವರೇ, ಇವಳು ಇವಳೇ." ಒಳ್ಳೆಯ ಮಾತು. ಕಿವಿಗೆ ಹಾಕಿಕೊಂಡಿದ್ದರೆ ಇವತ್ತು ಇದನ್ನು ಬರೆಯಬೇಕಾಗಿರಲಿಲ್ಲ.

ಯಾಕೆಂದರೆ ನನ್ನ ಮಗಳು ಓಡುತ್ತಿದ್ದಳು.

ಮನೆಯ ಹಿಂದೆ ಗುಡ್ಡೆ. ಮೇಲೆ ಹತ್ತಿದರೆ ಮುರಕಲ್ಲಿನ ಬಟ್ಟಬಯಲು, ನಡುವೆ ಒಂದು ಗೇರುಮರ. ಶಾಲೆ ಬಿಟ್ಟು ಬಂದು, ಚಾ ಕುಡಿದು, ಅವಳು ಆ ಮರದ ಸುತ್ತ ದೊಡ್ಡ ವರ್ತುಲದಲ್ಲಿ ಬರಿಗಾಲಲ್ಲಿ ಓಡುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಏಳು ವರ್ಷದಿಂದ ಅದೇ ದಾರಿ, ಹುಲ್ಲು ಸವೆದು ಗೆರೆಯೇ ಬಿದ್ದಿತ್ತು. ದೇವಸ್ಥಾನದಲ್ಲಿ ಸುತ್ತು ಬರುವ ಹಾಗೆ ಯಾವಾಗಲೂ ಮರ ಬಲಕ್ಕೆ. ಓಡುವಾಗ ಎರಡೂ ಕೈ ಪಕ್ಕದಲ್ಲಿ ಕೊಡವುತ್ತ ನಗುತ್ತಿದ್ದಳು. ದಿನದಲ್ಲಿ ಅವಳು ನಗುವುದು ಆಗ ಮಾತ್ರ. ಅಂಗಡಿಯಿಂದ ಬರುವ ದಾರಿಯಲ್ಲಿ ಆ ನಗು ಕೇಳಿದರೆ ನನ್ನ ಬೆನ್ನುನೋವು ಅರ್ಧ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಸಂತೋಷ ಎನ್ನುವುದೇನಾದರೂ ಇದ್ದರೆ ಆ ಬಯಲಿನ ಮೇಲೆ, ಆ ಮುಕ್ಕಾಲು ಗಂಟೆ ಇತ್ತು. ಅದನ್ನೇ ನಾನು ಕೈಯಾರೆ ಹಾಳು ಮಾಡಿದ್ದು.

ನನ್ನ ಕಡೆಯ ನ್ಯಾಯವನ್ನೂ ಹೇಳಬೇಕು. ಅವಳು ಏಳನೆಯ ಕ್ಲಾಸು. ಅಲ್ಲಿಗೆ ನಮ್ಮ ಕನ್ನಡ ಶಾಲೆ ಮುಗಿಯಿತು. ಮುಂದಿನ ಜೂನಿಗೆ ಹೈಸ್ಕೂಲು, ಅಲ್ಲಿ ನೂರಾರು ಮಕ್ಕಳು, ಗಂಟೆ ಗಂಟೆಗೆ ಬೆಲ್ಲು. ಹೆಡ್ಮಾಸ್ಟ್ರು ಸೌಮ್ಯವಾಗಿಯೇ ಕೇಳಿದ್ದರು, ಎಂತ ಮಾಡುವುದು ಅಂತ ಯೋಚನೆ ಉಂಟಾ ಎಂದು. ಯಾರ ಮನೆಯ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಪಕ್ಕದವರು ಪಾಯಸ ಬಡಿಸಿಕೊಳ್ಳುತ್ತ, "ನಿಮ್ಮ ಕಾಲ ಆದ ಮೇಲೆ ಈ ಹುಡುಗಿಗೆ ಯಾರು?" ಎಂದು ಕೇಳುತ್ತಾರೆ. ಪಾಯಸ ಅವರ ಗಂಟಲಲ್ಲಿ ಇಳಿಯುತ್ತದೆ. ಆ ಮಾತು ನನ್ನ ಗಂಟಲಲ್ಲಿ ಈ ಹೊತ್ತಿಗೂ ಇಳಿದಿಲ್ಲ. ಮುಳುಗುವವರಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ನನಗೆ ಸಿಕ್ಕಿದ ಕಡ್ಡಿ ಆ ಓಟಗಾರ್ತಿ. ಅವಳಿಗೆ ಜಗತ್ತು ಜಾಗ ಬಿಟ್ಟುಕೊಟ್ಟಿದೆ, ನನ್ನ ಮಗಳಿಗೂ ಬಿಟ್ಟುಕೊಡಲಿ ಎಂದು ಆಸೆಪಟ್ಟೆ. ಅದು ತಪ್ಪಾ? ಆಸೆ ತಪ್ಪಲ್ಲ. ಆಮೇಲೆ ಮಾಡಿದ್ದೆಲ್ಲ ತಪ್ಪು.

ಸೆಪ್ಟೆಂಬರಿನಲ್ಲಿ ನಾನು ಮೊಬೈಲ್ ಹಿಡಿದು ಗುಡ್ಡೆ ಹತ್ತಿದೆ. ಎಷ್ಟು ನಿಮಿಷಕ್ಕೆ ಎಷ್ಟು ಸುತ್ತು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ. ಅಂಕಿ ಬರೆಯುವುದು ಅವಳಿಗೂ ಇಷ್ಟವಾಯಿತು. ನಾನು ಕೈ ಎತ್ತಿ ಇಳಿಸಿದರೆ ಓಡಬೇಕು ಎಂದು ಕಲಿಸಿದೆ. ಎರಡೇ ದಿನದಲ್ಲಿ ಕಲಿತಳು. ಆಮೇಲೆ ಮೊಬೈಲಿನಲ್ಲಿ ಓಟಗಳನ್ನು ನೋಡಿದಾಗ ಒಂದು ವಿಷಯ ಗೊತ್ತಾಯಿತು. ಮೈದಾನದಲ್ಲಿ ಎಲ್ಲರೂ ಓಡುವುದು ಎಡಕ್ಕೆ ತಿರುಗಿಕೊಂಡು. ನನ್ನ ಮಗಳದ್ದು ಉಲ್ಟಾ. ಈಗಲೇ ಸರಿ ಮಾಡಬೇಕು ಎಂದು ಅವಳ ಭುಜ ಹಿಡಿದು ಆಚೆ ಕಡೆ ತಿರುಗಿಸಿ ನಿಲ್ಲಿಸಿದೆ.

ಅವಳು ಕದಲಲಿಲ್ಲ. "ಯಾರು ಸತ್ತದ್ದು?" ಎಂದು ಕೇಳಿದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಐದು ವರ್ಷದ ಹಿಂದೆ ನನ್ನ ಅಪ್ಪ ತೀರಿಕೊಂಡಾಗ ಚಿತೆಗೆ ಅಪ್ರದಕ್ಷಿಣೆ ಬಂದದ್ದನ್ನು ಅವಳು ದೂರದಿಂದ ನೋಡಿದ್ದಳು. ಯಾಕೆ ಉಲ್ಟಾ ಎಂದು ಕೇಳಿದಾಗ, ಸತ್ತವರಿಗೆ ಮಾತ್ರ ಹೀಗೆ ಎಂದು ಯಾರೋ ಹೇಳಿದ್ದರು. ಒಮ್ಮೆ ಹೇಳಿದರೆ ಅವಳಲ್ಲಿ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ. ನಾನು ನಕ್ಕೆ. ದೇವರೇ, ನಾನು ನಕ್ಕೆ! ಯಾರೂ ಸಾಯಲಿಲ್ಲ ಮಗಾ, ಓಟದ ನಿಯಮ ಇದು ಎಂದೆ. ನಿಯಮ ಎಂಬ ಶಬ್ದಕ್ಕೆ ಅವಳು ಯಾವಾಗಲೂ ತಲೆಬಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಅವಳು ಓಡಿದಳು. ಮರುದಿನ ಹೊರಡುವ ಮೊದಲು ಪುನಃ, ಇವತ್ತು ಯಾರು ಸತ್ತದ್ದು ಎಂದು ಕೇಳಿದಳು. ಅದರ ಮರುದಿನವೂ. ದಿನಾ ಸಂಜೆ ಯಾರೋ ಸಾಯುವ ಒಂದು ಲೋಕದಲ್ಲಿ ನನ್ನ ಮಗಳನ್ನು ಮೂರು ತಿಂಗಳು ಓಡಿಸಿದೆ.

ನಗು ಯಾವ ದಿನ ನಿಂತಿತು ಎಂದು ನನಗೆ ನೆನಪಿಲ್ಲ. ಕ್ಯಾಲೆಂಡರಿನಲ್ಲಿ ನಾನು ಸಮಯ ಬರೆಯುತ್ತಿದ್ದೆ, ನಗುವನ್ನು ಬರೆದಿರಲಿಲ್ಲ. ಸಮಯ ಕಮ್ಮಿಯಾಗುತ್ತಿತ್ತು, ನನಗೆ ಅಷ್ಟು ಸಾಕಿತ್ತು. ಗಂಡ ಒಂದು ದಿನ ಬಯಲಿನ ಅಂಚಿನಲ್ಲಿ ನಿಂತು ನೋಡಿ ಹೇಳಿದರು:

"ಅವಳು ಓಡ್ಲಿ. ನೀನು ಓಡಿಸ್ಬೇಡ. ಎರಡೂ ಒಂದೇ ಅಲ್ಲ."

"ನೀವು ಬಸ್ಸು ಓಡಿಸಿ, ಸಾಕು," ಎಂದೆ ನಾನು. ಬಾಯಿ ನನ್ನದು ಸ್ವಲ್ಪ ಚೂಪು, ಸೂಜಿಯ ಸಹವಾಸ.

ಶೂ ತಂದೆ. ಬರಿಗಾಲಲ್ಲಿ ಓಡಿದರೆ ಸ್ಪರ್ಧೆಗೆ ಸೇರಿಸುತ್ತಾರೋ ಇಲ್ಲವೋ ಎಂಬ ಭಯ. ಸಾಕ್ಸಿನ ತುದಿಯ ಹೊಲಿಗೆ ಅವಳಿಗೆ ಚುಚ್ಚುತ್ತದೆ ಎಂದು ಅದನ್ನು ಬಿಚ್ಚಿ, ಒಂದು ಎಳೆಯೂ ಬೆರಳಿಗೆ ತಾಗದ ಹಾಗೆ ಕೈಯಲ್ಲಿ ಹೊಲಿದೆ. ಅದನ್ನು ಹೊಲಿಯುವಾಗ ನಾನೆಷ್ಟು ಒಳ್ಳೆಯ ತಾಯಿ ಎಂದು ನನಗೇ ಅನಿಸಿತ್ತು.

ಡಿಸೆಂಬರಿನಲ್ಲಿ ಊರಿನ ಕ್ಲಬ್ಬಿನ ವಾರ್ಷಿಕೋತ್ಸವ, ಶಾಲೆಯ ಮೈದಾನದಲ್ಲಿ ಕ್ರೀಡಾಕೂಟ. ಹುಡುಗಿಯರ ಸಾವಿರದೈನೂರು ಮೀಟರಿಗೆ ಮಗಳನ್ನು ಸೇರಿಸಿದೆ. ಕ್ಲಬ್ಬಿನ ಕಾರ್ಯದರ್ಶಿ ನನ್ನ ಅಂಗಡಿಯಲ್ಲೇ ಪ್ಯಾಂಟು ಹೊಲಿಸುವವನು. ಅವನಿಗೆ ಮೂರು ಸಲ ಹೇಳಿದೆ: ಸೀಟಿ ಊದಬಾರದು, ಪಟಾಕಿ ಬೇಡ, ಕೈ ಎತ್ತಿ ಇಳಿಸಿದರೆ ಸಾಕು. "ಅದಕ್ಕೆಂತ ಅಕ್ಕ, ಹಾಗೆಯೇ ಮಾಡುವ," ಎಂದ. ಮಾತು ಉಳಿಸಿಕೊಂಡ ಕೂಡ. ಅವನನ್ನು ನಾನು ದೂರುವುದಿಲ್ಲ. ನಾನು ಎಲ್ಲದಕ್ಕೂ ಬಂದೋಬಸ್ತು ಮಾಡಿದ್ದೆ. ಮುಖ್ಯ ಅತಿಥಿಯನ್ನು ಮರೆತಿದ್ದೆ.

ನಮ್ಮ ಕಡೆ ದೊಡ್ಡವರು ಯಾರಾದರೂ ಬಂದರೆ ಗೇಟಿನ ಹತ್ತಿರ ಗರ್ನಾಲು ಬಿಡುವುದು ಕ್ರಮ. ಎದೆಗೆ ಗುದ್ದಿದ ಹಾಗೆ ಸದ್ದು ಮಾಡುವ ನಾಡ ಪಟಾಕಿ ಅದು. ಹತ್ತು ಗಂಟೆಗೆ ಬರಬೇಕಾದ ಅತಿಥಿ ಹನ್ನೊಂದೂವರೆಗೆ ಬಂದರು. ಆಗ ಹುಡುಗಿಯರು ಗೆರೆಯಲ್ಲಿ ನಿಂತಿದ್ದರು. ನನ್ನ ಮಗಳು ಕೊನೆಯಲ್ಲಿ, ಒಳಮೈ ಹೊರಗೆ ಮಾಡಿದ ಬಿಳಿ ಅಂಗಿಯಲ್ಲಿ, ಬೆರಳು ಪಟಪಟ ಆಡಿಸುತ್ತ ನಿಂತಿದ್ದಳು. ನಾನು ಹಗ್ಗದ ಈಚೆ. ಟಿವಿಯಲ್ಲಿ ನೋಡಿದ ಹಾಗೆಯೇ ಉಂಟಲ್ಲ ಎಂದು ನನ್ನ ಎದೆ ಉಬ್ಬಿತ್ತು. ಆಗ ಮೊದಲನೆಯ ಗರ್ನಾಲು ಸಿಡಿಯಿತು.

ಅವಳು ಓಡಿದಳು. ಆದರೆ ಗೆರೆ ಹಿಡಿದು ಅಲ್ಲ. ನೇರಕ್ಕೆ, ಹಗ್ಗ ದಾಟಿ, ಕುರ್ಚಿಗಳ ನಡುವೆ, ಐಸ್‌ಕ್ರೀಮಿನ ಗಾಡಿಯನ್ನು ಬದಿಗೆ ತಳ್ಳಿ, ಮೈದಾನದ ಆಚೆಯ ದಿಬ್ಬ ಹತ್ತಿ ಓಡಿದಳು. ಹಿಂದಿನಿಂದ ಎರಡನೆಯದು, ಮೂರನೆಯದು ಸಿಡಿಯಿತು. ಮೈಕಿನಲ್ಲಿ ಇದ್ದವನು, "ನೋಡಿ, ನೋಡಿ, ಎಂಥ ವೇಗ!" ಎಂದ. ಜನ ಬಿದ್ದು ಬಿದ್ದು ನಕ್ಕರು, ಚಪ್ಪಾಳೆ ತಟ್ಟಿದರು. ಇನ್ನೊಂದು ಮಾತು ಉಂಟು, ಇದನ್ನು ಗಂಡನಿಗೂ ಹೇಳಿಲ್ಲ. ಆ ಒಂದು ಕ್ಷಣ, ಅವಳು ಮಿಂಚಿನ ಹಾಗೆ ಹೋಗುವುದನ್ನು ನೋಡಿ, ನಾನೂ ಎರಡು ಸಲ ಚಪ್ಪಾಳೆ ತಟ್ಟಿದೆ.

ಆಮೇಲೆ ಬುದ್ಧಿ ಬಂತು. ಓಡಿದೆ. ನಲವತ್ತೆರಡು ವರ್ಷದ, ಹೊಲಿಗೆ ಮೆಷಿನಿಗೆ ಬೆನ್ನು ಕೊಟ್ಟವಳ ಓಟ ಎಷ್ಟು ದೂರ? ಮೈದಾನದಿಂದ ನಮ್ಮ ಮನೆಗೆ ಎರಡು ಕಿಲೋಮೀಟರ್. ಗುಡ್ಡೆಯ ಬಯಲಿನಲ್ಲಿ ಅವಳಿಲ್ಲ. ಮನೆಗೆ ಬೀಗ. ಕೊಟ್ಟಿಗೆ, ಬಚ್ಚಲು, ಕಟ್ಟಿಗೆ ರಾಶಿಯ ಹಿಂದೆ, ಎಲ್ಲಿಯೂ ಇಲ್ಲ. ಗಂಡನಿಗೆ ಫೋನ್ ಮಾಡಿದರೆ ಅವರು ಪುತ್ತೂರಿನಲ್ಲಿ. ಕ್ಲಬ್ಬಿನ ಗಂಡಸರು ಬೈಕಿನಲ್ಲಿ ರಸ್ತೆ ರಸ್ತೆ ಹುಡುಕಲು ಹೋದರು. ಒಂದು ಗಂಟೆ ಹೋಯಿತು. ಇನ್ನೂ ಅರ್ಧ ಗಂಟೆ. ಆಗ ಕೆಳಮನೆಯ, ಬೀಡಿ ಕಟ್ಟುವ ಹೆಂಗಸು ನಮ್ಮ ಹಿತ್ತಿಲಿನ ಕೆರೆಯ ಕಡೆಯಿಂದ ಎದೆ ಬಡಿದುಕೊಂಡು ಬಂದಳು.

"ಶೂ ಉಂಟು ಅಕ್ಕಾ! ಕೆರೆಯ ಹತ್ತಿರ ಶೂ ಬಿಟ್ಟಿದ್ದಾಳೆ!"

ನೀರಿನ ಹತ್ತಿರ ಚಪ್ಪಲಿ ಬಿಟ್ಟು ಹೋದವರು ಎಲ್ಲಿಗೆ ಹೋದರು ಎಂದು ನಮ್ಮೂರಿನಲ್ಲಿ ಯಾರೂ ಕೇಳಬೇಕಾಗಿಲ್ಲ. ಸಾಯಲು ಹೊರಟವರು ಕೂಡ ಕಾಲಿನದ್ದನ್ನು ದಡದಲ್ಲಿ ಬಿಟ್ಟೇ ಇಳಿಯುತ್ತಾರೆ. ಬಾವಿಯಲ್ಲಿ, ಕೆರೆಯಲ್ಲಿ ನಾವು ಹೆಣ ಹುಡುಕಿದ್ದೆಲ್ಲ ಹಾಗೆಯೇ. ಮೂರು ಜನ ನೀರಿಗೆ ಹಾರಿದರು. ಇಬ್ಬರು ಕೆರೆಯ ನೀರು ಹೊರಗೆ ಬಿಡಲು ಪಿಕ್ಕಾಸಿನಿಂದ ಕಟ್ಟೆ ಒಡೆಯತೊಡಗಿದರು. ಯಾರೋ ಫೋನಿನಲ್ಲಿ ಆಂಬುಲೆನ್ಸ್ ಎನ್ನುತ್ತಿದ್ದರು. ನಾನು ಕೆಸರಿನಲ್ಲಿ ಬಿದ್ದುಕೊಂಡಿದ್ದೆ. ನೀನೇ ಕೊಂದದ್ದು, ನೀನೇ ಎಂದು ತಲೆಯೊಳಗೆ ಒಂದೇ ಮಾತು ತಿರುಗುತ್ತಿತ್ತು. ಸಾಯುವುದು ಹೇಗೆ ಎಂದು ಅವಳಿಗೆ ಗೊತ್ತಿರಲಿಲ್ಲ. ಮೂರು ತಿಂಗಳು ಸುತ್ತು ಹಾಕಿಸಿ ನಾನೇ ಕಲಿಸಿದೆ.

ಯಾರೋ ಒಬ್ಬ ಆ ಶೂ ತಂದು ನನ್ನ ಮಡಿಲಿಗೆ ಹಾಕಲು ಹೊರಟ. ಆಗ ಎಲ್ಲಿ ಇತ್ತು ಎಂದು ಕೇಳಿದೆ. ಅಲ್ಲಿ, ಕಲ್ಲಿನ ಮೇಲೆ ಎಂದು ಅವನು ಕೈ ತೋರಿಸಿದ. ತೋರಿಸಿದ್ದು ಕೆರೆಯ ದಡವನ್ನಲ್ಲ. ಅದರ ಆಚೆ, ಸುರಂಗದ ಬಾಯಿಯ ಹತ್ತಿರದ ಮೆಟ್ಟುಕಲ್ಲನ್ನು.

ಸುರಂಗ ಎಂದರೆ ನಮ್ಮಲ್ಲಿ ರೈಲಿನದ್ದಲ್ಲ, ನೀರಿನದ್ದು. ಗುಡ್ಡೆಯ ಮುರಕಲ್ಲನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಕೊರೆಯುತ್ತಾರೆ. ಒಳಗೆ ಒಸರು ಸಿಕ್ಕಿದರೆ ನೀರು ತಾನಾಗಿ ಹರಿದು ಹೊರಗಿನ ಕೆರೆಗೆ ಬರುತ್ತದೆ. ನನ್ನ ಅಪ್ಪನ ಕಸುಬೇ ಅದು. ನನ್ನನ್ನು ಈ ಒಣ ಗುಡ್ಡೆಯ ಬುಡಕ್ಕೆ ಮದುವೆ ಮಾಡಿ ಕೊಟ್ಟಾಗ, ಮಗಳಿಗೆ ಬಂಗಾರ ಹಾಕಲಿಕ್ಕೆ ನನ್ನಲ್ಲಿ ಇಲ್ಲ, ನೀರು ಕೊಡುತ್ತೇನೆ ಎಂದು ಎರಡು ಬೇಸಗೆ ಕೊರೆದು ಇದನ್ನು ಮಾಡಿಕೊಟ್ಟಿದ್ದರು. ಸುರಂಗದೊಳಗೆ ಚಪ್ಪಲಿ ಹಾಕಿ ಹೋಗಬಾರದು, ಉಗುಳಬಾರದು, ಗಟ್ಟಿ ಮಾತಾಡಬಾರದು, ದೀಪ ಇಲ್ಲದೆ ಹೋಗಬಾರದು. ಮೊಮ್ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುವಾಗ ಪ್ರತಿ ಸಲ ಹೇಳುತ್ತಿದ್ದರು. ಅಪ್ಪ ಹೋದ ಮೇಲೆ ಅವಳು ಒಳಗೆ ಹೋದದ್ದನ್ನು ನಾನು ಕಂಡಿರಲಿಲ್ಲ.

"ನೀರಿನಿಂದ ಮೇಲೆ ಬನ್ನಿ," ಎಂದೆ. "ಅವಳು ಸುರಂಗದಲ್ಲಿದ್ದಾಳೆ."

ಕೂಡಲೇ ಹತ್ತು ಜನ ಸುರಂಗದ ಬಾಯಿಗೆ ತಲೆ ಹಾಕಿ ಕೂಗತೊಡಗಿದರು. "ಬಾ ಮಗಾ! ಹೊರಗೆ ಬಾ! ಎಂತ ಮಾಡ್ಲಿಕ್ಕಿಲ್ಲ ಬಾ!" ಒಳ್ಳೆಯ ಮನಸ್ಸಿನಿಂದಲೇ ಕೂಗಿದ್ದು. ಆದರೆ ಸುರಂಗದಲ್ಲಿ ಒಂದು ಮಾತು ಹತ್ತಾಗಿ ಹೋಗುತ್ತದೆ; ಅವಳಿಗೆ ಅದು ಇನ್ನೊಂದು ಗರ್ನಾಲು. ಕೂಗಿದಷ್ಟೂ ಅವಳು ಒಳಗೆ ಒಳಗೆ ಹೋಗುತ್ತಾಳೆ, ಒಳಗೆ ಹೋದಷ್ಟೂ ಗಾಳಿ ಕಮ್ಮಿ.

"ಬಾಯಿ ಮುಚ್ಚಿ!" ಎಂದೆ ನಾನು. ಎಲ್ಲರೂ ನನ್ನ ಮುಖ ನೋಡಿದರು. "ಕೈ ಮುಗಿಯುತ್ತೇನೆ, ದಮ್ಮಯ್ಯ, ಯಾರೂ ಒಂದು ಶಬ್ದ ಎತ್ತಬೇಡಿ."

ಮನೆಯಿಂದ ಮೇಣದ ಬತ್ತಿ ತರಿಸಿದೆ. ಟಾರ್ಚು ಬೇಡ; ಗಾಳಿ ಇದೆಯೋ ಇಲ್ಲವೋ ಎಂದು ಟಾರ್ಚು ಹೇಳುವುದಿಲ್ಲ, ಬತ್ತಿ ಹೇಳುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೊಕ್ಕೆ. ಪಾದ ಮುಳುಗುವಷ್ಟು ತಣ್ಣೀರು. ಎಪ್ಪತ್ತು ಕೋಲು ಉದ್ದ, ಎಂದರೆ ಸುಮಾರು ಐವತ್ತು ಮೀಟರು. ಅಪ್ಪ ಅಳೆದದ್ದು ನನಗೆ ಗೊತ್ತು. ಸೊಂಟ ಬಗ್ಗಿಸಿ, ಒಂದು ಕೈ ಗೋಡೆಗೆ ಕೊಟ್ಟು ಹೋದೆ. ಅರ್ಧ ದಾರಿಯಲ್ಲಿ ಬತ್ತಿಯ ಉರಿ ಸಣ್ಣದಾಯಿತು. ಇನ್ನೂ ಸ್ವಲ್ಪ ಹೋದಾಗ ಕಡಲೆಬೀಜದಷ್ಟಾಯಿತು. ಉರಿ ಇಳಿದರೆ ಹಿಂದೆ ಬರಬೇಕು ಎಂಬುದು ಅಪ್ಪನ ಮಾತು. ನಾನು ಹಿಂದೆ ಬರಲಿಲ್ಲ.

ಕೊನೆಯಲ್ಲಿ ಅವಳು ಕೂತಿದ್ದಳು. ಬೆನ್ನು ಕಲ್ಲಿಗೆ, ಕಾಲು ನೀರಿಗೆ, ಎರಡು ಕೈ ಕಿವಿಗೆ. ಬಸ್ಸಿನ ಇಂಜಿನ್ನಿನ ಹಾಗೆ ಒಂದೇ ಸ್ವರದಲ್ಲಿ ಗುಂಯ್ ಎನ್ನುತ್ತಿದ್ದಳು. ಜೀವ ಇತ್ತು. ಬಾಚಿ ಎದೆಗೆ ಒತ್ತಿಕೊಳ್ಳಬೇಕು ಎಂದು ಕೈ ಮುಂದೆ ಹೋಯಿತು. ಮುಟ್ಟಲಿಲ್ಲ. ಎರಡು ಮಾರು ದೂರದಲ್ಲಿ ನೀರಿನಲ್ಲೇ ಕೂತೆ. ತಲೆ ಭಾರವಾಗುತ್ತಿತ್ತು. ಗುಂಯ್ ಎನ್ನುವುದು ನಿಂತ ಮೇಲೆ ಅವಳು ಕೇಳಿದಳು:

"ಅಮ್ಮ, ಇನ್ನು ಓಡಬೇಕಾ?"

"ಬೇಡ."

"ನಾಳೆ?"

"ಬೇಡ."

"ನಾಡಿದ್ದು?"

"ಬೇಡ ಮಗಾ. ಇನ್ನು ಯಾವತ್ತೂ ಬೇಡ."

ಅವಳು ಯೋಚಿಸಿದಳು. "ಯಾವತ್ತೂ ಅಂದ್ರೆ ಯಾವ ದಿನದವರೆಗೆ?"

ಕ್ಯಾಲೆಂಡರಿನಲ್ಲಿ ತೋರಿಸಲಿಕ್ಕೆ ಆಗದ ದಿನ ಅವಳಿಗೆ ದಿನವೇ ಅಲ್ಲ. ಬತ್ತಿ ಆರಿಹೋಗುವ ಹಾಗಿತ್ತು. "ಹೊರಗೆ ಹೋಗಿ ಹೇಳ್ತೇನೆ," ಎಂದೆ. ಅವಳು ಎದ್ದಳು. ನಾವು ಹೊರಗೆ ಬಂದಾಗ ಅಷ್ಟೂ ಜನ ಉಸಿರು ಬಿಗಿಹಿಡಿದು ನಿಂತಿದ್ದರು, ಒಬ್ಬರೂ ಸೊಲ್ಲೆತ್ತಲಿಲ್ಲ. ನನ್ನ ಊರಿನವರ ಬಗ್ಗೆ ನನಗೆ ಸಾವಿರ ದೂರು ಉಂಟು. ಆ ಮೌನಕ್ಕೆ ಮಾತ್ರ ನಾನು ಸಾಯುವವರೆಗೆ ಋಣಿ.

ಇದಾಗಿ ಒಂದು ವರ್ಷದ ಮೇಲೆ ಮೂರು ತಿಂಗಳಾಯಿತು. ಮಗಳು ಹೈಸ್ಕೂಲಿಗೆ ವಾರಕ್ಕೆ ಎರಡು ದಿನ ಹೋಗುತ್ತಾಳೆ. ಗುಡ್ಡೆ ಹತ್ತುವುದಿಲ್ಲ. ಗೇರುಮರದ ಸುತ್ತಲಿನ ಗೆರೆಯಲ್ಲಿ ಹೋದ ಮಳೆಗಾಲ ಹುಲ್ಲು ಬೆಳೆದು ಮುಚ್ಚಿತು. ಗಂಡ ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆ ಸಾಕ್ಷ್ಯಚಿತ್ರ ಮೊನ್ನೆ ಪುನಃ ಬಂತು. ಹೋದ ಸಲ ಗಮನಿಸದ ಒಂದು ಜಾಗ ಈ ಸಲ ಕಣ್ಣಿಗೆ ಬಿತ್ತು. ಪದಕದ ಗಲಾಟೆ ಎಲ್ಲ ಮುಗಿದ ಮೇಲೆ, ಬಸ್ಸು ಹತ್ತುವ ಮೊದಲು, ಆ ಓಟಗಾರ್ತಿ ಕೋಚಿನ ಹತ್ತಿರ ಬಗ್ಗಿ ಏನೋ ಕೇಳುತ್ತಾಳೆ. ಅವನು ತಲೆ ಅಲ್ಲಾಡಿಸುತ್ತಾನೆ. ಕೆಳಗೆ ಅಕ್ಷರ ಬರಲಿಲ್ಲ. ಎಂತ ಕೇಳಿದಳು, ಅವನು ಹೌದು ಎಂದನೋ ಅಲ್ಲ ಎಂದನೋ ಎಂದು ನಾನು ಅದೇ ಜಾಗವನ್ನು ಯೋಚಿಸಿ ಯೋಚಿಸಿ ಕೆಲಸದಲ್ಲಿ ಎರಡು ಅಂಗಿಯ ಅಳತೆ ತಪ್ಪಿಸಿದೆ.

ನನ್ನ ಮಗಳು ದಿನಾ ಬೆಳಿಗ್ಗೆ ಒಲೆಯ ಹತ್ತಿರ ಬಂದು ನಿಲ್ಲುತ್ತಾಳೆ. "ಅಮ್ಮ, ಇವತ್ತು ಓಡಬೇಕಾ?" ಬೇಡ ಎನ್ನುತ್ತೇನೆ. ತಲೆ ಆಡಿಸಿ ಹೋಗುತ್ತಾಳೆ. ಒಂದು ದಿನವೂ ತಪ್ಪಿಲ್ಲ, ಜ್ವರ ಬಂದಾಗಲೂ. ಹೋದ ತಿಂಗಳು ನನಗೆ ತಡೆಯಲಿಕ್ಕೆ ಆಗಲಿಲ್ಲ. ಏಳು ವರ್ಷ ಯಾರೂ ಹೇಳದೆ ಓಡಿದ ಮಗುವಿಗೆ ದಿನಾ ಬೇಡ ಬೇಡ ಎಂದು ನಾನೇ ಬಾಗಿಲು ಹಾಕುತ್ತಿದ್ದೇನಲ್ಲ ಎನಿಸಿತು. "ನಿನಗೆ ಖುಷಿ ಇದ್ದರೆ ಓಡು ಮಗಾ, ನಿನ್ನ ಮೊದಲಿನ ಹಾಗೆ," ಎಂದೆ.

ಅಷ್ಟು ಮಾತಿನಲ್ಲಿ ಅವಳಿಗೆ ಕೇಳಿದ್ದು ಓಡು ಎಂಬುದೊಂದೇ. ಅಂಗಳಕ್ಕೆ ಇಳಿದಳು. ನಾನು ಕಲಿಸಿದ ಹಾಗೆ ಎಡಕ್ಕೆ ತಿರುಗಿ ನಿಂತಳು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನಾನು ಕೈ ಎತ್ತಿ ಇಳಿಸುವುದನ್ನು ಕಾಯುತ್ತಿದ್ದಳು.

ಬೇಡ ಎಂದೆ. ಒಳಗೆ ಬಂದಳು. ಮರುದಿನ ಒಲೆಯ ಹತ್ತಿರ ಬಂದು ಪುನಃ ಕೇಳಿದಳು.